ಹಲ್ಲಣ್ಣನ ಬೊಚ್ಚುಬಾಯಿ ಸಿಂಹ

ಒಂದು ಗಾದೆ ಹೇಳಿ ಶುರುಮಾಡೋಣವೆಂದು ಬಾಯಿ ತೆರೆದೆ. ಹಲ್ಲಿನ ಮೇಲಿರುವ ಗಾದೆಗಳೆಲ್ಲ ಈ ಕಥೆಯ ಹತ್ತಿರ ಬಂದು, ಮೂಸಿ ನೋಡಿ, ಬಂದ ದಾರಿಯಲ್ಲೇ ವಾಪಸು ಹೋದವು. ಆದ್ದರಿಂದ ಗಾದೆಯಿಲ್ಲದೆಯೇ ಹೇಳುತ್ತೇನೆ. ಇದು ನಡೆದದ್ದು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಕಟ್ಟಿಸಿದ ಹಲ್ಲಿನ ಮೇಲಿನ ಸೆಟ್ಟು ಕೆಳಕ್ಕೂ ಕೆಳಗಿನ ಸೆಟ್ಟು ಮೇಲಕ್ಕೂ ಕೂತು, ನಾನು ಉಳಿದ ಆಯುಷ್ಯವೆಲ್ಲ ತಲೆಕೆಳಗಾಗಿ ನಿಂತು ಊಟ ಮಾಡುವಂತಾಗಲಿ.

ಆ ಎರಡೂ ಸೆಟ್ಟುಗಳನ್ನು ಮಾಡಿಕೊಟ್ಟವನೇ ಈ ಕಥೆಯ ನಾಯಕ, ನಮ್ಮ ಪಕ್ಕದ ಮನೆಯ ಹಲ್ಲಣ್ಣ. ಹಲ್ಲಣ್ಣ ಡಾಕ್ಟರಲ್ಲ. ಡಾಕ್ಟರು ಕಿತ್ತು ಖಾಲಿ ಮಾಡಿದ ಜಾಗಕ್ಕೆ ಹೊಸ ಬಾಡಿಗೆದಾರರನ್ನು ತಂದು ಕೂರಿಸುವವನು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು. ಬಾಗಿಲು ತೆಗೆದರೆ ಸಾಕು, ಇಡೀ ಬೀದಿ ಒಮ್ಮೆಲೇ ನಮ್ಮತ್ತ ಹಲ್ಲು ಕಿರಿದಂತಾಗುತ್ತದೆ. ಯಾವುದು ಯಾರ ದವಡೆ ಎಂದು ಹೊರಗೆ ಹೇಳಬಾರದೆಂಬುದು ಅವನ ವೃತ್ತಿಧರ್ಮ. ಕೇಳಿದರೆ ಮಾತ್ರ ಹೇಳುತ್ತಾನೆ.

ಹಲ್ಲಣ್ಣನಿಗೆ ಹಲ್ಲು ಹೊಟ್ಟೆಪಾಡು, ಹಳೆಯ ನಾಣ್ಯ ಹುಚ್ಚು. ಆ ಹುಚ್ಚು ಏರಿದ್ದ ಒಂದು ದಿನ ನಾಣ್ಯಮೇಳಕ್ಕೆ ಸ್ಕೂಟರಿನಲ್ಲಿ ಹೋದವನು ನಡೆದುಕೊಂಡು ಬಂದಿದ್ದ. ಬಾಗಿಲಲ್ಲಿ ನಿಂತ ಅತ್ತಿಗೆ, ಅಂದರೆ ಅವನ ಹೆಂಡತಿ, “ಸ್ಕೂಟರ್ ಎಲ್ರೀ?” ಎಂದರು.

“ಇಲ್ಲಿದೆ ನೋಡು” ಎಂದು ಹಲ್ಲಣ್ಣ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಒಂದು ಬೆಳ್ಳಿ ನಾಣ್ಯ. ಅದರ ಮೇಲೊಂದು ಸಿಂಹ ಬಾಯಿ ತೆರೆದು ಗರ್ಜಿಸುತ್ತಿತ್ತು. ಮುಂದಿನ ಗರ್ಜನೆ ಅತ್ತಿಗೆಯದು. ಅದು ಸಿಂಹದ್ದಕ್ಕಿಂತ ಜೋರಾಗಿತ್ತು.

ಅಂದಿನಿಂದ ಅತ್ತಿಗೆ ಸಂತೆಗೆ ನಡೆದೇ ಹೋಗಿ ಬರುತ್ತಿದ್ದರು. ತರಕಾರಿ ಚೀಲವನ್ನು ಹಲ್ಲಣ್ಣನ ಕಿವಿಗೆ ಕೇಳುವಂತೆ ನೆಲಕ್ಕೆ ಕುಕ್ಕಿ, “ಸಿಂಹದ ಮೇಲೆ ಕೂತ್ಕೊಂಡು ಬರೋಣ ಅಂದ್ರೆ ಅದು ಹಿಂದಿನ ಸೀಟಿಗೆ ಯಾರನ್ನೂ ಹತ್ತಿಸ್ಕೊಳ್ಳಲ್ವಂತೆ” ಎನ್ನುತ್ತಿದ್ದರು. ಹಲ್ಲಣ್ಣ ಸಿಂಹವನ್ನು ಪ್ಲಾಸ್ಟಿಕ್ ಪೊರೆಯ ಸಮೇತ ಜೇಬಿಗಿಳಿಸಿ ಕೋಣೆಗೆ ಹೋಗುತ್ತಿದ್ದ. ಆ ಪೊರೆಯಿಂದ ಸಿಂಹವನ್ನು ಹೊರಗೆ ತೆಗೆಯುವ ಅಧಿಕಾರ ಲೋಕದಲ್ಲಿ ಅವನೊಬ್ಬನಿಗೇ ಇತ್ತು.

ಹೀಗೆ ಸಂಸಾರ ನಡೆದಾಡುತ್ತಿರುವಾಗ ನಾಣ್ಯ ಸಂಗ್ರಾಹಕರ ಬಳಗದ ಅಧ್ಯಕ್ಷರು ಒಂದು ಬಾಂಬು ಹಾಕಿದರು.

ನಮ್ಮ ಬಳಗ ಭಾನುವಾರದ ಸಂಜೆಗಳಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸೇರುತ್ತದೆ. ಸಾವಿರ ವರ್ಷ ಹಳೆಯ ನಾಣ್ಯಕ್ಕೂ ಅಲ್ಲಿ ಹೊಸ ರಬ್ಬರಿನ ವಾಸನೆ. ಅಧ್ಯಕ್ಷರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಕೊಟ್ಟ ಚಹಾವನ್ನೂ ಭೂತಗನ್ನಡಿಯಲ್ಲಿ ನೋಡಿಯೇ ಕುಡಿಯುವವರಾದ್ದರಿಂದ ಜನ ಅವರನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಅವರಿಗೆ ಇನ್ನೊಂದು ಗುಣವಿತ್ತು. ಎದುರಿಗಿರುವವನು ಹೌದೆಂದರೆ ಅದರಲ್ಲಿ ಏನೋ ಮೋಸವಿದೆ ಎಂದೇ ಅವರ ಇಲಾಖೆ ಅವರಿಗೆ ಕಲಿಸಿತ್ತು.

“ಸಿಂಹದ ನಾಣ್ಯಗಳನ್ನ ಇನ್ಮೇಲೆ ಒತ್ತಿನ ಗುಣ ನೋಡಿ ವಿಂಗಡಿಸ್ಬೇಕು” ಎಂದು ಭೂತಗನ್ನಡಿ ಘೋಷಿಸಿದರು. “ಟಂಕಸಾಲೇಲಿ ಅಚ್ಚು ಜೋರಾಗಿ ಬಿದ್ರೆ ಬೆಳ್ಳಿ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತೆ. ಮೆಲ್ಲಗೆ ಬಿದ್ರೆ ಆಳದ ಗುಳಿಗಳಿಗೆ ಹೋಗೋದೇ ಇಲ್ಲ. ಸಿಂಹದ ಹಲ್ಲುಗಳೇ ಆ ಅಚ್ಚಿನ ಅತಿ ಆಳದ ಗುಳಿಗಳು. ಹಲ್ಲೆಲ್ಲಾ ಮೂಡಿರೋ ಸಿಂಹಕ್ಕೆ ‘ಪೂರ್ಣದಂತ’ ಅಂತ ದರ್ಜೆ, ನಾಲ್ಕರಷ್ಟು ಬೆಲೆ. ಮಿಕ್ಕಿದ್ದೆಲ್ಲಾ ಬೊಚ್ಚು.”

ಇದನ್ನು ಹೇಳುವಾಗ ಅವರ ಜೇಬಿನಿಂದ ಅವರದೇ ಸಿಂಹವೊಂದು ತೀರ ಆಕಸ್ಮಿಕವಾಗಿ ಹೊರಬಂದು ಮೇಜಿನ ಮೇಲೆ ಕುಳಿತಿತು. ಅದರ ಬಾಯಲ್ಲಿ ಒಂದು ಹಲ್ಲೂ ಕಡಿಮೆಯಿರಲಿಲ್ಲ.

ಅಲ್ಲಿಯವರೆಗೂ ಯಾರೂ ಸಿಂಹದ ಬಾಯೊಳಗೆ ನೋಡಿದವರಲ್ಲ. ಈಗ ಎಲ್ಲರ ಕೈಯೂ ಜೇಬಿಗೆ ಹೋಯಿತು. ಹಲ್ಲಣ್ಣನೂ ತನ್ನದನ್ನು ತೆಗೆದು ಪೊರೆಯ ಮೇಲೇ ಗಾಜು ಹಿಡಿದು ನೋಡಿದ. ಕೇಸರ ಎಳೆಎಳೆಯಾಗಿ ಎದ್ದಿತ್ತು, ಬಾಲದ ಕುಚ್ಚು ಎಣಿಸುವಂತಿತ್ತು. ಬಾಯಿ ಮಾತ್ರ ಒರೆಸಿಟ್ಟ ಹಲಗೆಯ ಹಾಗೆ ಸಪಾಟು.

ಹಲ್ಲಣ್ಣ ಕುರ್ಚಿಯಿಂದೆದ್ದ. ಅವತ್ತು ಎದ್ದವನು ಮುಂದಿನ ಭಾನುವಾರದವರೆಗೂ ಸರಿಯಾಗಿ ಕೂತದ್ದನ್ನು ನಾನು ನೋಡಲಿಲ್ಲ.

“ಇದು ಅನ್ಯಾಯ ಅಧ್ಯಕ್ಷರೇ! ಸವೆದು ಹೋಗಿದ್ರೆ ಬೆಲೆ ಇಳಿಸಿ, ಒಪ್ತೀನಿ. ಇದು ಸವೆದಿಲ್ಲ, ಹುಟ್ಟಿದ್ದೇ ಹೀಗೆ. ಹುಟ್ಟಿದ ಮಗೂಗೆ ಹಲ್ಲಿಲ್ಲ ಅಂತ ಯಾರಾದ್ರೂ ಬೆಲೆ ಇಳಿಸ್ತಾರಾ?”

“ಮಗೂನ ಯಾರಯ್ಯ ಮಾರ್ತಾರೆ?”

“ಒಂದೇ ಟಂಕಸಾಲೆ, ಒಂದೇ ವರ್ಷ, ಒಂದೇ ಬೆಳ್ಳಿ, ಒಂದೇ ತೂಕ. ಅಚ್ಚು ಒತ್ತೋನು ಅವತ್ತು ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದಿದ್ರೆ ಜೋರಾಗಿ ಒತ್ತಿರ್ತಾನೆ, ಇಲ್ದಿದ್ರೆ ಮೆಲ್ಲಗೆ ಒತ್ತಿರ್ತಾನೆ. ಅವನ ಸಂಸಾರದ ಗಲಾಟೆಗೆ ನಾನ್ಯಾಕ್ರೀ ನಾಲ್ಕರಷ್ಟು ಕೊಡ್ಬೇಕು?”

ಸಭೆಯಲ್ಲಿ ಅರ್ಧ ಜನ ತಲೆದೂಗಿದರು. ಅವರು ತಮ್ಮ ತಮ್ಮ ಸಿಂಹದ ಬಾಯಿ ನೋಡಿಕೊಂಡಿದ್ದವರು.

“ಒಂದೇ ದರ್ಜಿ, ಒಂದೇ ಬಟ್ಟೆ, ಎರಡು ಅಂಗಿ” ಎಂದರು ಭೂತಗನ್ನಡಿ. “ಒಂದಕ್ಕೆ ಗುಂಡಿ ಇದೆ, ಇನ್ನೊಂದಕ್ಕಿಲ್ಲ. ಎರಡಕ್ಕೂ ಒಂದೇ ಬೆಲೆ ಕೊಡ್ತೀಯೇನಯ್ಯಾ?”

ಉಳಿದರ್ಧ ಜನ ತಲೆದೂಗಿದರು. ತಮ್ಮ ಸಿಂಹಕ್ಕೆ ಗುಂಡಿಗಳಿದ್ದವರು ಅವರು. ಜಗಳ ಮುಗಿಯುವ ಲಕ್ಷಣ ಕಾಣದೆ, ಮುಂದಿನ ಭಾನುವಾರ ಕೈಯೆತ್ತಿಸಿ ತೀರ್ಮಾನಿಸುವುದೆಂದಾಯಿತು.

ಮನೆಗೆ ಸುದ್ದಿ ಹಲ್ಲಣ್ಣನಿಗಿಂತ ಮೊದಲೇ ತಲುಪಿತ್ತು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು.

“ಸ್ಕೂಟರ್ ಕೊಟ್ಟು ತಂದ ಸಿಂಹಕ್ಕೆ ಹಲ್ಲೂ ಇಲ್ವಂತೆ?”

“ನಿನ್ನ ಸ್ಕೂಟರಿಗೆ ಹಾರ್ನ್ ಇತ್ತೇನೇ?”

“ಹಾರ್ನ್ ಇರ್ಲಿಲ್ಲ, ಆದ್ರೆ ಓಡ್ತಿತ್ತು. ನೋಡಿ, ಭಾನುವಾರ ಅದು ಬೊಚ್ಚು ಅಂತ ತೀರ್ಮಾನ ಆದ್ರೆ ಸೋಮವಾರ ಮಾರಿಬಿಡ್ಬೇಕು. ಬಂದಷ್ಟರಲ್ಲಿ ಒಂದು ಹಳೇ ಸೈಕಲ್ಲಾದ್ರೂ ಬರ್ಲಿ. ಆಗ್ಬೋದಾ?”

ಹಲ್ಲಣ್ಣನಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. “ಆಗ್ಬೋದು” ಎಂದುಬಿಟ್ಟ. ಹೇಳಿ ಅಡುಗೆಮನೆಗೂ ಕೋಣೆಗೂ ನಡುವೆ ಶತಪಥ ತಿರುಗತೊಡಗಿದ. ಅವತ್ತಿನಿಂದ ಅವನ ಭಾಷಣದ ತಾಲೀಮು ಶುರುವಾಯಿತು. ಮೇಣ ಕಾಯಿಸುವಾಗ, ಪ್ಲಾಸ್ಟರ್ ಕಲಸುವಾಗ, ಗಿರಾಕಿಯ ಬಾಯಲ್ಲಿ ಅಚ್ಚಿಟ್ಟು ಅದು ಗಟ್ಟಿಯಾಗುವವರೆಗೆ ಕಾಯುವಾಗ, “ಹಲ್ಲಿಗೆ ಬೆಲೆ ಕೊಡೋದೇ ತಪ್ಪು!” ಎಂದು ಗೋಡೆಯ ದವಡೆಗಳಿಗೆ ಬೋಧಿಸುತ್ತಿದ್ದ. ಬಾಯಲ್ಲಿ ಅಚ್ಚಿರುವವನಿಗೆ ಎದುರು ಮಾತಾಡಲಾಗದು. ಹೀಗಾಗಿ ಹಲ್ಲಣ್ಣನಿಗೆ ತನ್ನ ವಾದಕ್ಕೆ ವಿರೋಧವೇ ಇಲ್ಲವೆನ್ನಿಸತೊಡಗಿತು.

ವಿರೋಧ ಬಂದದ್ದು ಡ್ರಿಲ್ ಮೇಷ್ಟ್ರಿಂದ. ಕೆಳಗಿನ ಸೆಟ್ಟಿಗೆ ಹೇಳಿಹೋಗಿದ್ದ ನಿವೃತ್ತ ಮೇಷ್ಟ್ರು ಬಂದವರೇ ಕೋಲು ಕುಟ್ಟಿದರು. “ಏನಯ್ಯಾ, ಹಲ್ಲಿಗೆ ಬೆಲೆ ಕೊಡ್ಬಾರ್ದು ಅಂತ ಊರೆಲ್ಲಾ ಫಾರ್ತಾ ಇದೀಯಂತೆ?”

“ಫಾರ್ತಾ ಅಲ್ಲ ಮೇಷ್ಟ್ರೆ, ಸಾರ್ತಾ ಇದೀನಿ. ಹೌದು. ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

“ಫರಿ. ಹಾಗಾದ್ರೆ ನನ್ನ ಫೆಟ್ಟು ಪುಕ್ಕಟೆ ಕೊಡು.”

“ಮೇಷ್ಟ್ರೆ, ನಾನು ಹೇಳಿದ್ದು ಸಿಂಹಕ್ಕೆ.”

“ಫಿಂಹಕ್ಕೊಂದು ನ್ಯಾಯ, ಮೇಷ್ಟ್ರಿಗೊಂದು ನ್ಯಾಯ?” ಎಂದು ಮೇಷ್ಟ್ರು ಸಾವಧಾನದ ಭಂಗಿಯಲ್ಲಿ ನಿಂತುಬಿಟ್ಟರು. ಅವರನ್ನು ಆ ಭಂಗಿಯಿಂದ ವಿಶ್ರಾಂತಿಗೆ ತರಲು ಹಲ್ಲಣ್ಣ ಸೆಟ್ಟಿನ ಬೆಲೆಯಲ್ಲಿ ಸಾಕಷ್ಟು ಇಳಿಯಬೇಕಾಯಿತು.

ಇದನ್ನೆಲ್ಲ ಕಿಟಕಿಯಲ್ಲಿ ಕೂತು ನೋಡಿ ಹೊಟ್ಟೆ ಹಿಡಿದುಕೊಂಡವನೊಬ್ಬನಿದ್ದ. ಅತ್ತಿಗೆಯ ತಮ್ಮ, ಹಲ್ಲಣ್ಣನ ಭಾಮೈದ. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಕೂಗುವವನು. ಕೆಟ್ಟು ನಿಂತ ಬಸ್ಸು ಇನ್ನೇನು ಹೊರಡುತ್ತದೆಂದು ಪ್ರಯಾಣಿಕರನ್ನು ಸಂಜೆಯವರೆಗೂ ನಂಬಿಸಬಲ್ಲ ಕಂಠ ಅವನದು. ಭೂತಗನ್ನಡಿಯ ಕೆಮ್ಮು, ಹಲ್ಲಿನ ಡಾಕ್ಟರಮ್ಮನ “ಆ ಮಾಡಿ”, ತನ್ನ ಅಕ್ಕನ ಬೈಗುಳ, ಎಲ್ಲವನ್ನೂ ತದ್ವತ್ತಾಗಿ ತೆಗೆಯುತ್ತಿದ್ದ.

ಮರುದಿನ ನಾನು ಹಲ್ಲಣ್ಣನ ಕೋಣೆಯಲ್ಲಿ ಕೂತಿದ್ದಾಗ ಅವನಿಗೊಂದು ಫೋನು ಬಂತು. ಕೈಯೆಲ್ಲ ಪ್ಲಾಸ್ಟರಾಗಿದ್ದರಿಂದ ಅವನು ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದ. ಆ ಕಡೆಯ ಧ್ವನಿ ಭಾಮೈದನದೆಂದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಓದುವವರು ಈಗಲೇ ತಿಳಿದುಕೊಂಡು ಆರಾಮಾಗಿರಬಹುದು.

“ಗಮನಿಸಿ. ನಾಣ್ಯಶ್ರೇಣಿ ನಿರ್ಣಯ ಕಚೇರಿಯಿಂದ ಮಾತಾಡ್ತಿದೀವಿ. ಸಿಂಹದ ನಾಣ್ಯದ ಮಾಲೀಕರು ತಾವೇನಾ?”

ಹಲ್ಲಣ್ಣ ನಿಂತಲ್ಲೇ ಇನ್ನೂ ಸ್ವಲ್ಪ ನಿಂತ. “ನಾನೇ ಸಾರ್. ಆದ್ರೆ ಹಲ್ಲಿಲ್ಲ ಸಾರ್.”

“ತಮಗೋ, ಸಿಂಹಕ್ಕೋ?”

“ಸಿಂಹಕ್ಕೆ ಸಾರ್.”

“ಒಂದೂ ಇಲ್ವಾ?”

“ಹುಡುಕಿದ್ರೂ ಸಿಗಲ್ಲ ಸಾರ್.”

ಆ ಕಡೆ ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ಅದು ನಗು ನುಂಗಿದ ಕೆಮ್ಮೆಂದು ಆಗ ನಮಗೆ ತಿಳಿಯಲಿಲ್ಲ. “ಗಾಬರಿ ಬೇಡ. ಪೂರ್ಣದಂತದ ಸಿಂಹಗಳು ಬೇಕಾದಷ್ಟಿವೆ. ಮಿಕ್ಕಿದ್ದೆಲ್ಲಾ ಎದ್ದು ಬಂದು, ಒಂದೇ ಒಂದು ಹಲ್ಲೂ ಮೂಡದೆ ಇರೋ ಸಿಂಹ ತಮ್ಮದು ಬಿಟ್ರೆ ಇಡೀ ಲೋಕದಲ್ಲಿ ಎಲ್ಲೂ ಇಲ್ಲ. ಅದಕ್ಕೆ ಕಚೇರಿ ಒಂದು ಹೊಸ ದರ್ಜೆ ತಂದಿದೆ. ಅದರ ಹೆಸರು ‘ಪೂರ್ಣಬೊಚ್ಚು’. ಪೂರ್ಣದಂತಕ್ಕೆ ನಾಲ್ಕರಷ್ಟಾದ್ರೆ ಇದಕ್ಕೆ ಎಂಟರಷ್ಟು.”

“ಎಂಟು!”

“ಆದರೆ ಎಚ್ಚರಿಕೆ. ಅರ್ಧ ಹಲ್ಲು ಕಂಡ್ರೂ ದರ್ಜೆ ರದ್ದು. ನಿಮ್ಮ ಬಳಗದಲ್ಲಿ ಮೊದಲು ಒತ್ತಿಗೆ ಬೆಲೆ ಕೊಡೋ ತೀರ್ಮಾನ ಆಗ್ಬೇಕು. ಅಲ್ಲೀವರೆಗೂ ಹೊರಗಿನವರಿಗೆ ಹೇಳಬಾರದು. ತಮ್ಮ ಪ್ರಯಾಣ ಸುಖಕರವಾಗಿರಲಿ.”

“ಯಾವ ಪ್ರಯಾಣ ಸಾರ್?” ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಹಲ್ಲಣ್ಣ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು. “ದೊಡ್ಡ ಮನುಷ್ಯರು ಕಣಯ್ಯ. ಬದುಕನ್ನೇ ಪ್ರಯಾಣ ಅಂತಾರೆ.”

ಅತ್ತಿಗೆ ಹೊರಗಿನವರಲ್ಲವಾದ್ದರಿಂದ ಅವರಿಗೆ ಆ ಕ್ಷಣವೇ ಹೇಳಿದ್ದಾಯಿತು. “ನಿನ್ನ ಒಂದು ಸ್ಕೂಟರಿಗೆ ಎಂಟು ಸ್ಕೂಟರ್ ಕಣೇ!” ಅತ್ತಿಗೆಗೆ ತಂಗಿಯರು, ತರಕಾರಿಯವಳು, ಎದುರು ಮನೆಯವರು ಯಾರೂ ಹೊರಗಿನವರಲ್ಲವಾದ್ದರಿಂದ ಸಂಜೆಯೊಳಗೆ ಬೀದಿಯವರೆಲ್ಲ ಅವರನ್ನು ಯಾವ ಬಣ್ಣದ ಸ್ಕೂಟರೆಂದು ಕೇಳುತ್ತಿದ್ದರು. ನೀಲಿಯೋ ಕೆಂಪೋ ಎಂಬ ತೀರ್ಮಾನಕ್ಕೆ ಅವರು ಕರೆದದ್ದು ಯಾರನ್ನು? ತಮ್ಮನನ್ನು.

“ನೀನು ಅಂಗಡಿಗೆ ಹೋಗಿ ನೋಡ್ಕೊಂಡು ಬಾರೋ. ಆಮೇಲೆ ಮುಂಗಡ ಕೊಟ್ಬಿಡೋಣ.”

“ಮುಂಗಡ ಯಾಕಕ್ಕಾ ಈಗ್ಲೇ...” ಭಾಮೈದನ ಆ ಸುಪ್ರಸಿದ್ಧ ಕಂಠ ಮೊದಲ ಬಾರಿಗೆ ಕೆಟ್ಟು ನಿಂತ ಬಸ್ಸಿನಂತೆ ಕೆರೆಯಿತು.

“ಯಾಕೆ ಅಂದ್ರೆ? ನಿನ್ನ ಹಾಗೆ ಮನೆ ಮುಂದೆ ಸ್ಕೂಟರ್ ನಿಲ್ಲಿಸ್ಕೊಂಡಿದೀನಾ ನಾನು? ನಡೆದೂ ನಡೆದೂ ಕಾಲು ಸವೆದು ಹೋಗಿದೆ.”

ಅವನಿಗೆ ಊಟ ಸೇರಲಿಲ್ಲ.

ಹಲ್ಲಣ್ಣ ಮಾತ್ರ ಬೆಳಗಾಗುತ್ತಲೇ ಭೂತಗನ್ನಡಿಯ ಮನೆಗೆ ಓಡಿದ. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದ. ಭೂತಗನ್ನಡಿ ಗಡ್ಡ ಹೆರೆದುಕೊಳ್ಳುತ್ತಿದ್ದರು.

“ಅಧ್ಯಕ್ಷರೇ, ನನ್ನ ಕಣ್ಣು ತೆರೀತು. ಒತ್ತಿಗೆ ಬೆಲೆ ಬೇಕೇ ಬೇಕು. ನಿಮ್ಮ ಅಂಗಿ ಗುಂಡಿ ಮಾತು ಬಂಗಾರದಂಥದ್ದು. ಭಾನುವಾರ ನಿಮ್ಮ ಪರವಾಗಿ ನಾನೇ ಮಾತಾಡ್ತೀನಿ.”

ಭೂತಗನ್ನಡಿಯ ಕೈ ಅರ್ಧ ಕೆನ್ನೆಯ ಮೇಲೆ ನಿಂತಿತು. ನೊರೆಯ ಮುಖದಲ್ಲೇ ತಮ್ಮ ಗಾಜು ತಂದು ಹಲ್ಲಣ್ಣನನ್ನು ನೆತ್ತಿಯಿಂದ ಗಲ್ಲದವರೆಗೆ ನೋಡಿದರು.

“ನಿನಗ್ಯಾರು ಏನು ಹೇಳಿದ್ರು?”

“ಯಾರೂ ಏನೂ ಹೇಳಿಲ್ಲ!” ಎಂದು ಹಲ್ಲಣ್ಣ ಯಾರೋ ಏನೋ ಹೇಳಿರುವವನಂತೆಯೇ ಹೇಳಿದ.

ನಾವು ಗೇಟು ದಾಟುವಷ್ಟರಲ್ಲಿ ಅಧ್ಯಕ್ಷರು ಒಳಗೆ ಯಾರಿಗೋ ಹೇಳುತ್ತಿದ್ದರು: “ಈ ದರ್ಜೆ ವಿಷಯದಲ್ಲಿ ಏನೋ ದೊಡ್ಡ ಮೋಸ ಇದೆ. ಇವನು ಒಪ್ಪಿದಾನೆ ಅಂದ್ರೆ ಇದು ಪಾಸಾಗೋಕೇ ಬಿಡಬಾರದು.” ಒಂದು ಕೆನ್ನೆ ಹೆರೆಯದೆಯೇ ಅವರು ಟೈರ್ ಅಂಗಡಿಗೆ ಹೋಗಿ, ಸಿಕ್ಕಸಿಕ್ಕ ಸದಸ್ಯರಿಗೆಲ್ಲ ಎಚ್ಚರಿಕೆ ಹೇಳಿ ಬಂದರಂತೆ.

ಭಾನುವಾರ ಬೆಳಗ್ಗೆ ನನ್ನ ಬಾಗಿಲನ್ನು ಯಾರೋ ಮುರಿಯುತ್ತಿದ್ದರು. ತೆಗೆದರೆ ಹಲ್ಲಣ್ಣ. ಮುಖ ಪ್ಲಾಸ್ಟರಿನಷ್ಟೇ ಬಿಳಿ.

“ಹಲ್ಲು ಬಂದಿದೆ ಕಣಯ್ಯಾ!”

“ಯಾರಿಗೆ?”

“ಸಿಂಹಕ್ಕೆ! ಕಿಟಕಿ ಹತ್ರ ಬಿಸಿಲಿಗೆ ಹಿಡಿದು ನೋಡ್ದೆ. ಎಡಗಡೆ ಮೂಲೇಲಿ ಅರ್ಧ ಹಲ್ಲು ಇಣುಕ್ತಾ ಇದೆ. ಅರ್ಧ ಹಲ್ಲು ಕಂಡ್ರೂ ರದ್ದು ಅಂದಿಲ್ವಾ ಅವರು? ನಡಿ, ನಡಿ.”

“ಎಲ್ಲಿಗೆ?”

“ಕೀಳಿಸೋಕೆ.”

ನಾಣ್ಯವನ್ನು ಮುಟ್ಟಿ ಕೆರೆದರೆ ಅದರ ಬೆಲೆ ಅಲ್ಲಿಗೇ ಮುಗಿಯಿತು. ಇದು ಬಳಗಕ್ಕೆ ನಿನ್ನೆ ಸೇರಿದವನಿಗೂ ಗೊತ್ತು. ಕೆರೆದದ್ದು ತಿಳಿದರೆ ಮಾಲೀಕನನ್ನೂ ಹೊರಗೆ ಹಾಕುತ್ತಾರೆ. ನಾನು ಇದನ್ನು ದಾರಿಯುದ್ದಕ್ಕೂ ಹೇಳಿದೆ. “ನಾಣ್ಯ ಕೆರೆಯೋದಲ್ಲ ಕಣಯ್ಯ, ಹಲ್ಲು ಕೀಳಿಸೋದು. ನನ್ನ ಲೈನು. ನೀನು ಸುಮ್ನಿರು” ಎಂದು ಅವನು ಮುಂದೆ ಮುಂದೆ ಓಡಿದ. ಈ ತಪ್ಪನ್ನು ಬೇರೆ ಕಸುಬಿನವನು ಮಾಡಲಾರ.

ಡಾಕ್ಟರಮ್ಮನ ಆಸ್ಪತ್ರೆಗೆ ಬರುವ ಸೆಟ್ಟುಗಳೆಲ್ಲ ಹಲ್ಲಣ್ಣನವೇ. ನಾವು ನುಗ್ಗಿದಾಗ ಡ್ರಿಲ್ ಮೇಷ್ಟ್ರು ದೊಡ್ಡ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಹಲ್ಲಣ್ಣ ಅವರನ್ನು ತೋಳು ಹಿಡಿದು ಎಬ್ಬಿಸಿಬಿಟ್ಟ. “ತುರ್ತು ಕೇಸು ಮೇಷ್ಟ್ರೆ, ಸ್ವಲ್ಪ ಏಳಿ.”

“ಪೇಶೆಂಟ್ ಎಲ್ರೀ?” ಎಂದರು ಡಾಕ್ಟರಮ್ಮ.

ಹಲ್ಲಣ್ಣ ಕರವಸ್ತ್ರ ಬಿಚ್ಚಿ, ಪೊರೆ ತೆಗೆದು, ಸಿಂಹವನ್ನು ತಲೆದಿಂಬಿನ ಮೇಲೆ ಮಲಗಿಸಿದ. ಡಾಕ್ಟರಮ್ಮ ಒಮ್ಮೆ ಸಿಂಹವನ್ನೂ ಒಮ್ಮೆ ಹಲ್ಲಣ್ಣನನ್ನೂ ನೋಡಿದರು. ಇಬ್ಬರಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಬೇಕೆಂಬ ಯೋಚನೆ ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ದೀಪ ಎಳೆದು, ಪುಟ್ಟ ಕನ್ನಡಿ ಹಿಡಿದು ಬಗ್ಗಿದರು.

“ಯಾವಾಗಿಂದ?”

“ಇವತ್ತು ಬೆಳಗ್ಗೆಯಿಂದ ಡಾಕ್ಟರಮ್ಮ.”

“ನೋವಿದೆಯಾ?”

“ತಡೆಯೋಕಾಗ್ತಿಲ್ಲ.”

“ನಿಮ್ಮನ್ನಲ್ಲ ಕೇಳಿದ್ದು. ಇರಿ, ಏನೋ ಕಾಣ್ತಿದೆ. ಬಾಯಿ ತೊಳೀದೆ ನಾನು ಯಾರ ಹಲ್ಲನ್ನೂ ಮುಟ್ಟಲ್ಲ” ಎಂದು ಡಾಕ್ಟರಮ್ಮ ಒಂದು ಬಟ್ಟಲಲ್ಲಿ ಬಿಸಿನೀರು ತಂದು ಸಿಂಹವನ್ನು ಅದರಲ್ಲಿ ಮೆಲ್ಲಗೆ ಇಳಿಸಿದರು.

ಅಷ್ಟರಲ್ಲಿ ಬಸ್ ನಿಲ್ದಾಣದಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ಸ್ಕೂಟರಿನ ಬಣ್ಣ ಕೇಳಲು ಅಲ್ಲಿಗೆ ಹೋಗಿದ್ದ ಅತ್ತಿಗೆ, “ನಿಮ್ಮ ಭಾವ ಸಿಂಹದ ಹಲ್ಲು ಕೀಳಿಸೋಕೆ ಹೋಗಿದಾರೆ” ಎಂದರಂತೆ. ಭಾಮೈದ ಮೈಕು ಆರಿಸುವುದನ್ನೂ ಮರೆತು “ಅಯ್ಯೋ ನಾನು ಕೆಟ್ಟೆ!” ಎಂದು ಕೂಗಿಕೊಂಡನಂತೆ. ಇಡೀ ನಿಲ್ದಾಣದ ಜನ ಯಾವ ಬಸ್ಸು ಕೆಟ್ಟಿತೆಂದು ಕಿಟಕಿಗೆ ಮುತ್ತಿಗೆ ಹಾಕಿದರೂ ಅವನು ಅಕ್ಕನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಓಡಿಸಿಯೇಬಿಟ್ಟ.

ಆಸ್ಪತ್ರೆಯ ಬಾಗಿಲು ದಡಾರನೆ ತೆರೆಯಿತು. ಏದುಸಿರು ಬಿಡುತ್ತ ಭಾಮೈದ ಬಾಯಿ ತೆರೆದ. ಗಾಬರಿಯಲ್ಲಿ ಅವನ ಗಂಟಲಿಗೆ ಒದಗಿದ್ದು ರೂಢಿಯ ಧ್ವನಿ.

“ಗಮನಿಸಿ, ಗಮನಿಸಿ! ಕೀಳಬೇಡಿ ಭಾವಾ! ಪೂರ್ಣಬೊಚ್ಚು ಅಂತ ಯಾವ ದರ್ಜೇನೂ ಇಲ್ಲ! ಕಚೇರೀನೂ ಇಲ್ಲ, ಎಂಟೂ ಇಲ್ಲ, ಫೋನ್ ಮಾಡಿದ್ದು ನಾನೇ!”

ಅತ್ತಿಗೆ ತಮ್ಮನ ಕಡೆ ತಿರುಗಿ, “ನಿಂಗೆ ಆಮೇಲಿದೆ” ಎಂದಷ್ಟೇ ಹೇಳಿದರು. ಡ್ರಿಲ್ ಮೇಷ್ಟ್ರು ಕೂಡ ಸಾವಧಾನದಲ್ಲಿ ನಿಂತರು.

ಹಲ್ಲಣ್ಣನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಯಾಯಿತು, ಆಮೇಲೆ ಯಾವ ಬಣ್ಣಕ್ಕೆ ಹೋಗಬೇಕೆಂದು ಗೊತ್ತಾಗದೆ ನಡುವೆ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ರೇಗಿದರು.

“ಸ್ವಲ್ಪ ಸುಮ್ನಿರ್ತೀರಾ ಎಲ್ಲರೂ? ಹಲ್ಲಣ್ಣ, ಬನ್ನಿ ಇಲ್ಲಿ. ಇದೇನ್ರಿ ಇದು?”

ಬಟ್ಟಲಿನ ಬಿಸಿನೀರಿನ ಮೇಲೆ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಉಂಡೆ ತೇಲುತ್ತಿತ್ತು. ಹೊರಗೆಲ್ಲ ಬೂದು ಬಣ್ಣ. ಕಡ್ಡಿಯಿಂದ ಒತ್ತಿದರೆ ಒಳಗೆ ಗುಲಾಬಿ.

“ಮೇಣ” ಎಂದ ಹಲ್ಲಣ್ಣ ಸಣ್ಣ ಧ್ವನಿಯಲ್ಲಿ. ಸೆಟ್ಟು ಮಾಡುವ ಮೇಣ, ಅವನದೇ ಮೇಣ. ಒಂದೊಂದು ಸೆಟ್ಟು ಮುಗಿದಾಗಲೂ ಸಿಂಹವನ್ನು ಪೊರೆಯಿಂದ ತೆಗೆದು ಆ ಕೈಯಲ್ಲೇ ಮುಖ ಸವರುವುದು ಅವನ ಅಭ್ಯಾಸವಂತೆ. ಸವರಿ ಸವರಿ ಮೇಣವೂ ಪ್ಲಾಸ್ಟರಿನ ಪುಡಿಯೂ ಸಿಂಹದ ಬಾಯಿ ತುಂಬಿ ಗಟ್ಟಿಯಾಗಿ ಬೆಳ್ಳಿಯ ಬಣ್ಣಕ್ಕೇ ತಿರುಗಿದ್ದವು. ಊರಿಗೆಲ್ಲ ಹಲ್ಲು ಕಟ್ಟಿದವನು ತನ್ನ ಸಿಂಹದ ಹಲ್ಲನ್ನು ತಾನೇ ಮುಚ್ಚಿ, ಬೊಚ್ಚೆಂದು ಊರೆಲ್ಲ ವಾದಿಸಿದ್ದ!

ಡಾಕ್ಟರಮ್ಮ ನಾಣ್ಯವನ್ನು ದೀಪದಡಿ ಹಿಡಿದರು. ಮೇಲೆ ಸಾಲಾಗಿ ಹಲ್ಲು, ಕೆಳಗೆ ಸಾಲಾಗಿ ಹಲ್ಲು, ನಾಲ್ಕೂ ಕೋರೆ. ಒಂದು ಗೀರಿಲ್ಲ.

“ಪೂರ್ಣದಂತ” ಎಂದು ನಾನೇ ಹೇಳಿಬಿಟ್ಟೆ.

“ನಾಲ್ಕರಷ್ಟು!” ಎಂದರು ಅತ್ತಿಗೆ. ಆ ವಿಷಯದಲ್ಲಿ ಅವರ ತಲೆ ನಮ್ಮೆಲ್ಲರದಕ್ಕಿಂತ ಚುರುಕು. “ಎಂಟಿಲ್ದಿದ್ರೆ ಹೋಗ್ಲಿ, ನಾಲ್ಕು ಸಾಕು. ಇವತ್ತು ಸಂಜೆ ತೀರ್ಮಾನ ಮಾಡಿಸಿ, ನಾಳೆ ಮಾರಿ, ನಾಡಿದ್ದು ಸ್ಕೂಟರ್. ನೀಲಿದೇ.”

“ಮಾರೋದಾ?” ಎಂದ ಹಲ್ಲಣ್ಣ.

“ಮತ್ತೆ? ಬೆಲೆ ಬಂದ್ರೆ ಏನ್ ಮಾಡ್ತಾರೆ, ನೆಕ್ತಾರಾ?”

ಅಲ್ಲಿಯವರೆಗೆ ಹಲ್ಲಣ್ಣನಿಗೆ ಆ ವಿಚಾರ ಹೊಳೆದೇ ಇರಲಿಲ್ಲ. ಸಿಂಹಕ್ಕೆ ಬೆಲೆ ಬರಲಿ ಎಂದು ಒದ್ದಾಡಿದ್ದನೇ ಹೊರತು ಆ ಬೆಲೆ ಕೈಗೆ ಬರಲಿ ಎಂದಲ್ಲ. ಬೊಚ್ಚಾದರೆ ಮಾರುವುದೆಂದು ಮೊದಲೇ ಮಾತು ಕೊಟ್ಟಿದ್ದ. ಪೂರ್ಣದಂತವಾದರೆ ಈಗ ಮಾರಲೇಬೇಕು. ಹಲ್ಲಿಗೆ ಬೆಲೆಯೇ ಇಲ್ಲವೆಂದು ಬಳಗ ತೀರ್ಮಾನಿಸಿದರೆ ಮಾತ್ರ ಸಿಂಹ ಉಳಿಯುತ್ತದೆ. ಅತ್ತಿಗೆಯೋ ಸಂಜೆ ಸಭೆಗೆ ತಾವೇ ಬಂದು ಮುಂದೆ ಕೂರುವುದಾಗಿ ಹೇಳಿದರು. ಹಲ್ಲಣ್ಣ ಖಾಲಿಯಾಗಿದ್ದ ದೊಡ್ಡ ಕುರ್ಚಿಯಲ್ಲಿ ಕುಸಿದ. ಡಾಕ್ಟರಮ್ಮ ರೂಢಿಯಂತೆ, “ಆ ಮಾಡಿ” ಎಂದರು.

ಸಂಜೆ ಮಹಡಿ ತುಂಬಿತ್ತು. ಹಲ್ಲಣ್ಣ ಎದ್ದು ನಿಂತ. ಅತ್ತಿಗೆಯ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು. ಭೂತಗನ್ನಡಿ ಅವನನ್ನು ಗಾಜಿನಲ್ಲಿ ನೋಡುತ್ತಿದ್ದರು.

“ಒತ್ತಿಗೆ ಬೆಲೆ ಬೇಕು!” ಹಲ್ಲಣ್ಣ ಮೇಜು ಗುದ್ದಿದ. “ನಾಲ್ಕರಷ್ಟು ಸಾಲದು, ನಲವತ್ತರಷ್ಟು ಮಾಡಿ! ಅಧ್ಯಕ್ಷರು ಈ ವಿಷಯದಲ್ಲಿ ಹೇಳಿದ್ದೆಲ್ಲಾ ನೂರಕ್ಕೆ ನೂರು ಸರಿ. ಅವರು ಹೇಳಿದ ಹಾಗೇ ಆಗಲೇಬೇಕು. ಇವತ್ತೇ! ಈಗಲೇ! ಯಾರೂ ಯೋಚನೆ ಮಾಡೋದೇ ಬೇಡ!”

ಇಷ್ಟು ಅವಸರಪಡಿಸುವ ಅಂಗಡಿಯವರನ್ನೆಲ್ಲ ಭೂತಗನ್ನಡಿ ನೌಕರಿಯಲ್ಲಿದ್ದಷ್ಟು ಕಾಲ ಹಿಡಿದು ಹಾಕಿದ್ದರು. ಅವರು ಸೆಟೆದು ನಿಂತರು.

“ನೋಡಿದ್ರಾ? ಇದರಲ್ಲಿ ಮೋಸ ಇದೆ ಅಂತ ನಾನು ಹೇಳಿರ್ಲಿಲ್ವಾ? ಸ್ವಾಮೀ, ಒಂದೇ ಟಂಕಸಾಲೆ, ಒಂದೇ ವರ್ಷ, ಒಂದೇ ಬೆಳ್ಳಿ, ಒಂದೇ ತೂಕ! ಒತ್ತೋನು ಅವತ್ತು ಹೆಂಡ್ತಿ ಜೊತೆ ಜಗಳ ಆಡಿದ್ದಕ್ಕೆ ನಾವ್ಯಾಕೆ ನಾಲ್ಕರಷ್ಟು ಕೊಡ್ಬೇಕು? ಹುಟ್ಟಿದ ಮಗೂಗೆ ಹಲ್ಲಿಲ್ಲ ಅಂತ ಯಾರಾದ್ರೂ ಬೆಲೆ ಇಳಿಸ್ತಾರಾ?”

“ಮಗೂನ ಯಾರು ಮಾರ್ತಾರೆ?” ಎಂದ ಹಲ್ಲಣ್ಣ, ತೀರ ದುರ್ಬಲವಾಗಿ.

“ಬಾಯಿ ಮುಚ್ಚು! ಕೈ ಎತ್ರೀ ಎಲ್ಲರೂ!”

ಒತ್ತಿಗೆ ಬೆಲೆ ಬೇಕೆಂದು ಎದ್ದ ಕೈಗಳು ಮೂರು. ಒಂದು ಹಲ್ಲಣ್ಣನದು, ಇನ್ನೆರಡೂ ಸದಸ್ಯರಲ್ಲದ ಅತ್ತಿಗೆಯವು. ಬೇಡವೆಂದು ಇಡೀ ಸಭೆಯೇ ಕೈಯೆತ್ತಿತು.

“ಹಲ್ಲಿದ್ರೂ ಒಂದೇ, ಇಲ್ದಿದ್ರೂ ಒಂದೇ! ತೀರ್ಮಾನ ಆಯ್ತು!” ಭೂತಗನ್ನಡಿ ಗೆದ್ದ ಸಂಭ್ರಮದಲ್ಲಿ ಮೇಜು ತಟ್ಟಿದರು.

ಹಲ್ಲಣ್ಣ ತನ್ನ ಸಿಂಹವನ್ನು ತಂದು ಅವರ ಗಾಜಿನ ಕೆಳಗಿಟ್ಟ. ಭೂತಗನ್ನಡಿ ಬಗ್ಗಿ ನೋಡಿದರು, ಗಾಜು ಒರೆಸಿಕೊಂಡು ಮತ್ತೆ ನೋಡಿದರು. “ಪೂರ್ಣ...” ಎಂದರು. ಅವರ ಕೈ ನಿಧಾನವಾಗಿ ತಮ್ಮದೇ ಜೇಬಿನ ಮೇಲೆ ಹೋಗಿ, ಒಳಗಿದ್ದ ಇನ್ನೊಂದು ಪೂರ್ಣದಂತದ ಸಿಂಹವನ್ನು ಬಟ್ಟೆಯ ಮೇಲಿಂದಲೇ ಸಮಾಧಾನಪಡಿಸುವಂತೆ ಸವರಿತು. ಅದರ ಬೆಲೆ ಇಳಿಸಲು ಅವರಷ್ಟು ಶ್ರಮಿಸಿದವರು ಬೇರಾರೂ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಅವಿತಿದ್ದ ಭಾಮೈದ ಕಿಸಕ್ಕೆಂದ. ಅತ್ತಿಗೆ ತಿರುಗಿ ಅಂಗೈ ಚಾಚಿದರು.

“ಕೀ ಕೊಡು.”

“ಯಾವ ಕೀ ಅಕ್ಕಾ?”

“ನೀನು ನನ್ನ ಕೂರಿಸ್ಕೊಂಡು ಓಡಿಸಿದ್ಯಲ್ಲ, ಅದರದ್ದು. ಬೀದಿಗೆಲ್ಲಾ ಸ್ಕೂಟರ್ ಬರುತ್ತೆ ಅಂತ ಹೇಳಿಬಿಟ್ಟಿದೀನಿ. ನಿಮ್ಮ ಭಾವನ ಸಿಂಹ ಮಾರೋಕೆ ಬರಲ್ಲ. ಫೋನ್ ಮಾಡಿದೋನು ಕೊಡ್ಬೇಕು.”

“ಅಕ್ಕಾ, ನಾನು ಕೆಲಸಕ್ಕೆ ಹೇಗೆ ಹೋಗ್ಲಿ?”

“ಬಸ್ಸಲ್ಲಿ ಹೋಗು. ಯಾವುದು ಹೊರಡುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಭಾಮೈದ ಕೀ ತೆಗೆದು ಆ ಅಂಗೈಗೆ ಹಾಕಿದ. ಅತ್ತಿಗೆ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಒಂದು ಸುತ್ತು ತಿರುಗಿಸಿದರು. ಮೊದಲು ನಕ್ಕವರು ಅವರೇ. ಆಮೇಲೆ ನಾನು ನಕ್ಕೆ. ಸಭೆ ನಕ್ಕಿತು. ಯಾಕೆ ನಗುತ್ತಿದ್ದಾರೆಂದು ಗೊತ್ತಾಗದ ಟೈರ್ ಅಂಗಡಿಯವನು ಮೆಟ್ಟಿಲ ಮೇಲೆ ನಿಂತು ನಕ್ಕ. ಭೂತಗನ್ನಡಿ ಕೂಡ ಗಾಜಿನ ಹಿಂದೆ ಒಂದಿಷ್ಟು ನಕ್ಕಂತೆ ಮಾಡಿದರು.

ಆದರೆ ಅವರೆಲ್ಲರ ನಗುವನ್ನೂ ಮುಳುಗಿಸುವಂತೆ ನಕ್ಕವನು ಹಲ್ಲಣ್ಣ. ಸಿಂಹವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ತಲೆ ಹಿಂದಕ್ಕೆ ಎಸೆದು, ಕಣ್ಣಲ್ಲಿ ನೀರು ಬರುವಂತೆ, ಕೆಳಗಿನ ಅಂಗಡಿಯ ಟೈರುಗಳೂ ಅದುರುವಂತೆ ನಕ್ಕ. ಬಾಯಿ ಅಷ್ಟು ಅಗಲವಾಗಿ ತೆರೆದದ್ದರಿಂದ ಅವತ್ತು ನಮಗೆಲ್ಲ ಮೊದಲ ಬಾರಿಗೆ ಕಾಣಿಸಿತು: ಹಲ್ಲಣ್ಣನಿಗೆ ಹಿಂದಿನ ಹಲ್ಲು ಒಂದೂ ಇರಲಿಲ್ಲ.